ಮುಂಬೈಗೂ ದೆಹಲಿಗೂ ನಡುವೆ ಐದು ವಾರ

ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿದ ಮರುದಿನ ಮಾಟುಂಗಾ ಸ್ಟೇಷನ್ನಿನ ಬ್ರಿಜ್ ಇಳಿಯಲು ನನಗೆ ನಾಲ್ಕು ನಿಮಿಷ ಬೇಕಾಯಿತು. ಹತ್ತುವಾಗ ಪರವಾಗಿರಲಿಲ್ಲ, ಇಳಿಯುವಾಗಲೇ ತೊಡೆ ನಡುಗುತ್ತಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿದೆ.

42 ಕಿಲೋಮೀಟರಿನ ಆ ಓಟ ಮುಗಿಸಿದ್ದು 4 ಗಂಟೆ 12 ನಿಮಿಷಕ್ಕೆ. ಫೆಬ್ರವರಿ ಕೊನೆಗಿದ್ದ ದೆಹಲಿ ಮ್ಯಾರಥಾನ್‌ಗೆ ಮೊದಲೇ ಹೆಸರು ಕೊಟ್ಟಿದ್ದೆ. ಅಲ್ಲಿ 4 ಗಂಟೆಯೊಳಗೆ ಮುಗಿಸಬೇಕು ಅಂತ ತುಂಬಾ ಆಸೆ. ಅಂದರೆ ಕಿಲೋಮೀಟರಿಗೆ 5 ನಿಮಿಷ 58 ಸೆಕೆಂಡ್ ಇದ್ದದ್ದು 5 ನಿಮಿಷ 40 ಸೆಕೆಂಡಿಗೆ ಬರಬೇಕು. ಇದ್ದದ್ದು ಐದೇ ವಾರ.

ಐದು ವಾರದಲ್ಲಿ ಹೊಸದಾಗಿ ದಮ್ಮು ಕಟ್ಟಲು ಆಗುವುದಿಲ್ಲ. ಆದರೆ ಆರು ತಿಂಗಳು ಓಡಿದ್ದು ಎಲ್ಲೂ ಹೋಗಿರುವುದಿಲ್ಲ ಅಲ್ವಾ? ಅದರ ಮೇಲೆ ಕೂತಿರುವ ದಣಿವು ಇಳಿದರೆ ಸಾಕು ಅಂತ ನಿರ್ಧರಿಸಿದೆ. ಇನ್ನೊಂದು ಧೈರ್ಯವೂ ಇತ್ತು. ಮುಂಬೈಯಲ್ಲಿ ಜನವರಿಯಲ್ಲೂ ಬೆವರು ಆರುವುದಿಲ್ಲ, ಕಾಲು ಸೋತ ಮೇಲೆ ಪೆಡ್ಡರ್ ರೋಡಿನ ಏರು ಬರುತ್ತದೆ. ದೆಹಲಿಯಲ್ಲಿ ಬೆಳಗಿನ ಚಳಿ, ಹೆಚ್ಚುಕಡಿಮೆ ಸಮತಟ್ಟಾದ ರಸ್ತೆ.

ಮೊದಲ ವಾರ ಓಡಲೇ ಇಲ್ಲ. ಸಂಜೆ ಫೈವ್ ಗಾರ್ಡನ್ಸ್‌ನಲ್ಲಿ ಅರ್ಧ ಗಂಟೆ ನಡಿಗೆ, ಅಷ್ಟೇ. ಅಮ್ಮ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಮೊಟ್ಟೆ ಅಂತ ಹೊತ್ತುಹೊತ್ತಿಗೆ ಬಡಿಸಿದರು. ರಾತ್ರಿ ಒಂಬತ್ತೂವರೆಗೆ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದು ಕೂರುವ ಮೊದಲು ಕತ್ತಿನ ಪಕ್ಕ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ಒಂದು ನಿಮಿಷ ನಾಡಿ ಎಣಿಸುತ್ತಿದ್ದೆ. ನನ್ನದು ಸಾಮಾನ್ಯವಾಗಿ 54. ಓಟದ ಮರುದಿನ 65 ಇತ್ತು, ಏಳನೇ ದಿನವೂ 60. ಮೈಕೈ ನೋವು ನಾಲ್ಕೇ ದಿನಕ್ಕೆ ಹೋಗಿತ್ತು. ನೋವು ಹೋದರೂ ಒಳಗಿನ ದಣಿವು ಹೋಗಿರುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಈ ಎಣಿಕೆಯಿಂದಲೇ.

ಅರ್ಥವಾದರೂ ತಪ್ಪಿದೆ. ಒಂಬತ್ತನೇ ದಿನ ಶಿವಾಜಿ ಪಾರ್ಕ್‌ನಲ್ಲಿ ಗೆಳೆಯರು ಸಿಕ್ಕರು. ಸುಮ್ನೆ 5 ಕಿಲೋಮೀಟರ್ ಅಂತ ಹೊರಟವನು 10 ಓಡಿದೆ, ಕೊನೆಯ ಮೂರು ಜೋರಾಗಿ. ಜೊತೆಗಿದ್ದ ಶೆಟ್ರು "ಇಷ್ಟು ಬೇಗ ಯಾಕೆ ಮಾರಾಯ್ರೆ?" ಅಂತ ಹೇಳಿದ್ದರು. ಸಂಜೆಗೆ ಎಡಗಾಲಿನ ಮೀನಖಂಡ ಹಗ್ಗದಂತೆ ಬಿಗಿಯಿತು. ಮತ್ತೆ ನಾಲ್ಕು ದಿನ ಓಟವಿಲ್ಲ. ಆ ನಾಲ್ಕು ದಿನ ನನಗೆ ನಿಜಕ್ಕೂ ಭಯವಾಗಿತ್ತು.

ಆಮೇಲೆ ನಾಡಿ 56ಕ್ಕೆ ಬರುವವರೆಗೂ ಕಾದೆ. ಮೂರನೇ ವಾರದಲ್ಲಿ ಮೂರೇ ಓಟ, ಎಲ್ಲವೂ ಮಾತಾಡುತ್ತಾ ಓಡುವಷ್ಟು ನಿಧಾನ. ನಿಜವಾದ ತಾಲೀಮು ಅಂತ ಮಾಡಿದ್ದು ಆ ವಾರದ ಭಾನುವಾರ ಒಂದೇ ದಿನ, ಮರೀನ್ ಡ್ರೈವ್‌ನಲ್ಲಿ. ನರಿಮನ್ ಪಾಯಿಂಟ್‌ನಿಂದ ಚೌಪಾಟಿವರೆಗೆ ಹೋಗಿ ಬರುತ್ತಾ ಒಟ್ಟು 22 ಕಿಲೋಮೀಟರ್, ಅದರಲ್ಲಿ ನಡುವಿನ 10 ಮಾತ್ರ 5:40ರ ವೇಗದಲ್ಲಿ. ಏಳನೆಯ ಕಿಲೋಮೀಟರಿನಲ್ಲಿ ಗಡಿಯಾರ ನೋಡದೆ ಓಡಿದೆ. ಆಮೇಲೆ ನೋಡಿದರೆ 5:38. ಉಸಿರು ಹಿಡಿತದಲ್ಲಿತ್ತು. ಖುಷಿಗೆ ಕಣ್ಣು ತುಂಬಿತು.

ಅಲ್ಲಿಂದ ಮುಂದೆ ಎರಡು ವಾರ ಓಟ ಇಳಿಸುತ್ತಾ ಬಂದೆ. ಒಂದು 14 ಕಿಲೋಮೀಟರ್, ಉಳಿದವು 5, 6. ಜಾಸ್ತಿ ಓಡಿದ್ದರೆ ಇನ್ನೂ ವೇಗ ಬರುತ್ತಿತ್ತೇನೋ ಅಂತ ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಇಲ್ಲ. ಆ ಮೀನಖಂಡ ಮತ್ತೊಮ್ಮೆ ಹಿಡಿದಿದ್ದರೆ ದೆಹಲಿಗೆ ಹೋಗುವುದೇ ಆಗುತ್ತಿರಲಿಲ್ಲ.

ದೆಹಲಿಯಲ್ಲಿ ಕೈಗವಸು ಹಾಕಿಕೊಂಡು ಹೊರಟೆ. ಮೊದಲ 10 ಕಿಲೋಮೀಟರ್ 5:45ರಲ್ಲೇ ಹಿಡಿದಿಟ್ಟೆ. ಜನ ಪಕ್ಕದಿಂದ ದಾಟಿ ಹೋಗುವಾಗ ಅದು ಸುಲಭವಲ್ಲ. 32ನೇ ಕಿಲೋಮೀಟರಿನ ನಂತರ ಅವರಲ್ಲಿ ಹಲವರನ್ನು ನಾನೇ ದಾಟಿದೆ. 3 ಗಂಟೆ 57 ನಿಮಿಷ 40 ಸೆಕೆಂಡ್.

ಮಂಗಳವಾರ ಮತ್ತೆ ಮಾಟುಂಗಾ ಬ್ರಿಜ್. ಈ ಸಲವೂ ಕಂಬಿ ಹಿಡಿದು, ಅಡ್ಡ ತಿರುಗಿಯೇ ಇಳಿದೆ. ಶೆಟ್ರಿಗೆ ಫೋನ್ ಮಾಡಿ, ಎರಡು ವಾರ ನನ್ನನ್ನು ಶಿವಾಜಿ ಪಾರ್ಕ್‌ಗೆ ಕರೆಯಬೇಡಿ ಅಂತ ಹೇಳಿದೆ.