60 ರೂಪಾಯಿಯ ನೋಟ್‌ಬುಕ್

ಮುಂಬೈನ ಘಾಟ್ಕೋಪರ್‌ನ ನಮ್ಮ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ಅನಲೈಸರ್ (ರಕ್ತ ಪರೀಕ್ಷೆಯ ಮೆಷಿನ್) ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇನೆ. ಅದಕ್ಕೊಂದು ದಾರ, ದಾರಕ್ಕೊಂದು ಪೆನ್ನು. ಕೆಲಸದಲ್ಲಿ ಆದ ತಪ್ಪನ್ನು ಅದರಲ್ಲಿ ನಾವೇ ಬರೆಯುತ್ತೇವೆ. ಬೆಲೆ 60 ರೂಪಾಯಿ. ಮೊದಲು ಸ್ಯಾಂಪಲ್ ಸರಿಯಿಲ್ಲ ಅಂತ ತಿಂಗಳಿಗೆ 70–80 ಸಲ ರೋಗಿಗಳನ್ನು ಮತ್ತೆ ಕರೆದು ರಕ್ತ ತೆಗೆಯುತ್ತಿದ್ದೆವು. ಈಗ ಅದು 15–20ಕ್ಕೆ ಇಳಿದಿದೆ. ‘ತಮ್ಮ ತಪ್ಪನ್ನ ತಾವೇ ಯಾರಾದ್ರೂ ಬರೀತಾರಾ ಅಕ್ಕಾ?’ ಅಂದವರೇ ಈಗ ಮುಲುಂಡ್ ಸೆಂಟರಿಗೂ ಒಂದು ಬೇಕು ಅಂತ ಕೇಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇನ್‌ಚಾರ್ಜ್ ಆದಾಗ ನಮ್ಮಲ್ಲಿ 14 ಜನ ಟೆಕ್ನಿಷಿಯನ್ನರು, 6 ಜನ ಫ್ಲೆಬೋಗಳು (ರಕ್ತ ತೆಗೆಯುವವರು). ದಿನಕ್ಕೆ ಸುಮಾರು 350 ರೋಗಿಗಳು. ಆ ವರ್ಷವೇ 5 ಜನ ಬಿಟ್ಟು ಹೋದರು. ಹೊಸಬರನ್ನು ತಯಾರು ಮಾಡಲು ಮೂರು ತಿಂಗಳು ಬೇಕು.

ಮೊದಲು ದಂಡ ಹಾಕಿ ನೋಡಿದೆವು. ತಪ್ಪಿಗೆ 100 ರೂಪಾಯಿ. ಎರಡೇ ತಿಂಗಳಲ್ಲಿ ತಪ್ಪುಗಳ ರಿಜಿಸ್ಟರ್ ಸ್ವಚ್ಛವಾಯಿತು. ಡಾಕ್ಟರುಗಳ ದೂರಿನ ಫೋನ್ ಮಾತ್ರ ಜಾಸ್ತಿಯಾಯಿತು. ಆಮೇಲೆ ಹೊರಗಿನಿಂದ ಟ್ರೈನರ್ ಕರೆಸಿ ನಾಲ್ಕು ಭಾನುವಾರ ಕ್ಲಾಸ್ ಮಾಡಿಸಿದೆವು. ಊಟ, ಚಹಾ ಸೇರಿ 40 ಸಾವಿರದ ಹತ್ತಿರ ಹೋಯಿತು. ಆರು ದಿನ ದುಡಿದು ಬಂದವರು ಏಳನೇ ದಿನ ಏನು ಕೇಳಿಸಿಕೊಂಡಾರು? ಒಬ್ಬ ಹುಡುಗಿಯನ್ನು ಲ್ಯಾಬಿನ ದುಡ್ಡಿನಲ್ಲಿ ಕೋರ್ಸಿಗೆ ಕಳಿಸಿದೆ. ಸರ್ಟಿಫಿಕೇಟ್ ಬಂದ ತಿಂಗಳೇ 4 ಸಾವಿರ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಸೇರಿದಳು. ‘ಕಲಿಸಿದರೆ ಹೋಗ್ತಾರೆ, ಸುಮ್ನೆ ಬಿಡಿ’ ಎಂದರು ನಮ್ಮ ಮಾಲೀಕರು.

ದಾರಿ ಸಿಕ್ಕಿದ್ದು ನನ್ನದೇ ತಪ್ಪಿನಿಂದ. ಒಂದು ಸಂಜೆ ಪೊಟ್ಯಾಸಿಯಂ 7.9 ಬಂತು. ರಿಪೀಟ್ ಮಾಡಿದರೂ ಅಷ್ಟೇ. ಕ್ರಿಟಿಕಲ್ ಅಂತ ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ರೋಗಿಯನ್ನು ರಾತ್ರಿಯೇ ಅಡ್ಮಿಟ್ ಮಾಡಿದರು. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ 4.2, ಪೂರ್ತಿ ನಾರ್ಮಲ್. ನಮ್ಮ 7.9ರ ಸ್ಯಾಂಪಲ್ಲಿನಲ್ಲೇ ಕ್ಯಾಲ್ಸಿಯಂ ತೀರಾ ಕಡಿಮೆ, 5ರ ಹತ್ತಿರ ಇತ್ತು, ಎಎಲ್‌ಪಿ ಅನ್ನುವ ಎಂಜೈಮ್ ಕೂಡ ತೀರಾ ಕಡಿಮೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಪರ್ಪಲ್ ಟ್ಯೂಬಿನಲ್ಲಿ ಹಾಕಿರುವ, ಪೊಟ್ಯಾಸಿಯಂ ಇರುವ ರಾಸಾಯನಿಕ) ಸೇರಿದೆ ಅಂತ ಅವೆರಡೂ ಹೇಳುತ್ತಿದ್ದವು. ನಾನು ಪೊಟ್ಯಾಸಿಯಂ ಒಂದನ್ನೇ ನೋಡಿದ್ದೆ.

ಆ ರಕ್ತ ತೆಗೆದಿದ್ದ ನಮ್ಮ ಫ್ಲೆಬೋ ವಿಜಯಪುರದ ಕಡೆಯ ಹುಡುಗ. ಒಂದು ವಾರ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬನೇ ಬಂದು ಹೇಳಿದ: ‘ಅಕ್ಕಾರ, ನರ ಸಿಗಲಿಲ್ರೀ. ಹಳದಿ ಟ್ಯೂಬಿಗೆ ರಕ್ತ ಕಡಿಮಿ ಬಿತ್ತು. ಪರ್ಪಲ್‌ನಾಗ ಜಾಸ್ತಿ ಇತ್ತು, ಅದರಾಗಿಂದ ಸ್ವಲ್ಪ ಸುರುವಿದೆ. ನೂರು ರೂಪಾಯಿ ಹೋಗ್ತದಂತ ಸುಮ್ಮನಿದ್ದೆ.’

ಮರುದಿನವೇ ದಂಡ ನಿಲ್ಲಿಸಿದೆ. ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ನನ್ನ 7.9ರ ಕತೆ ಬರೆದೆ. ಅಲ್ಲಿ ಯಾರ ಹೆಸರೂ ಬರೆಯುವಂತಿಲ್ಲ. ಯಾವ ಟ್ಯೂಬ್, ಎಷ್ಟು ಹೊತ್ತಿಗೆ, ಏನು ಕಂಡಿತು, ಏನು ಮಾಡಿದೆವು, ಇಷ್ಟೇ. ಬೆಳಿಗ್ಗೆ ಕ್ಯೂಸಿ (ಬೆಲೆ ಗೊತ್ತಿರುವ ಸ್ಯಾಂಪಲ್ ಹಾಕಿ ಮೆಷಿನ್ ಸರಿಯಿದೆಯೇ ಅಂತ ನೋಡುವುದು) ಮುಗಿದ ಮೇಲೆ, ಲೋಕಲ್ ರೈಲಿನಲ್ಲಿ ಬರುವ ಸ್ಯಾಂಪಲ್‌ಗಳು ತಲುಪುವ ಮೊದಲು, ಎಲ್ಲರೂ ಮೆಷಿನ್ ಪಕ್ಕ ಹತ್ತು ನಿಮಿಷ ನಿಲ್ಲುತ್ತೇವೆ. ಕುರ್ಚಿ ಇಲ್ಲ. ಆ ದಿನ ಯಾರ ಸರದಿಯೋ ಅವರು ನೋಟ್‌ಬುಕ್ಕನ್ನೂ ಎಲ್‌ಜೆ ಚಾರ್ಟನ್ನೂ (ದಿನದಿನದ ಕ್ಯೂಸಿ ಬೆಲೆಗಳನ್ನು ಚುಕ್ಕೆಯಿಟ್ಟು ತೋರಿಸುವ ಗ್ರಾಫ್) ಓದಬೇಕು, ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಅಂತ ಹೇಳಬೇಕು. ನಾನು ಕೊನೆಗೆ ಮಾತಾಡುತ್ತೇನೆ. ಸೀನಿಯರ್‌ಗಳಿಗೆ ಇದು ಬಹಳ ಕಷ್ಟ, ನನಗೂ ಕಷ್ಟವಾಗಿತ್ತು.

ಮೊದಲ ಮೂರು ವಾರ ನನ್ನ ಪುಟ ಬಿಟ್ಟರೆ ಎಲ್ಲ ಖಾಲಿ. ನಾಲ್ಕನೇ ವಾರ ಒಂದು ಸಾಲು ಬಂತು: ‘ನೀಲಿ ಟ್ಯೂಬ್ ಗೆರೆಯವರೆಗೆ ತುಂಬಿರಲಿಲ್ಲ, ಆದರೂ ಪಿಟಿ (ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ) ಹಾಕಿದೆ.’ ಅವತ್ತು ನಾನು ಎಲ್ಲರಿಗೂ ವಡಾ ಪಾವ್ ತರಿಸಿದೆ. ಆಮೇಲೆ ಪುಟಗಳು ತುಂಬತೊಡಗಿದವು.

ನಿಜವಾದ ಫಲ ಕಂಡದ್ದು ಐದನೇ ತಿಂಗಳು. ಸೇರಿ 40 ದಿನವೂ ಆಗಿರದ ಹುಡುಗಿಯ ಸರದಿ. ‘ತಾಯಿ, ಕ್ರಿಯಾಟಿನಿನ್ ಆರು ದಿನದಿಂದ ಗೆರೆಯ ಕೆಳಗೇ ಕೂತಿದೆ’ ಅಂದಳು. ಕ್ರಿಯಾಟಿನಿನ್ ಅಂದರೆ ಕಿಡ್ನಿಯ ಪರೀಕ್ಷೆ, ಗೆರೆ ಅಂದರೆ ಚಾರ್ಟಿನ ಸರಾಸರಿ ಗೆರೆ. (ಮರಾಠಿ ಮಕ್ಕಳಿಗೆ ನಾನು ‘ತಾಯಿ’, ಅಂದರೆ ಅಕ್ಕ.) ದಿನವೂ ಹಾಕುವ ಕ್ಯೂಸಿಯ ಎರಡೂ ಲೆವೆಲ್ 2 ಎಸ್‌ಡಿ (ಒಪ್ಪಬಹುದಾದ ಏರಿಳಿತದ ಮಿತಿ) ಒಳಗೇ ಇದ್ದವು, ದಿನವೂ ‘ಪಾಸ್’ ಅಂತ ಸಹಿ ಬಿದ್ದಿತ್ತು. ಎಣಿಸಿದರೆ 12 ಚುಕ್ಕೆ ಒಂದೇ ಕಡೆ. ಸತತ ಹತ್ತು ಚುಕ್ಕೆ ಒಂದೇ ಕಡೆ ಬಿದ್ದರೆ ಏನೋ ತಪ್ಪಿದೆ ಅಂತ ಕ್ಯೂಸಿ ತಜ್ಞ ವೆಸ್ಟ್‌ಗಾರ್ಡ್ 1981ರಲ್ಲೇ ಹೇಳಿದ ರೂಲ್ ನಮ್ಮ ಗೋಡೆಯ ಮೇಲೇ ಅಂಟಿಸಿತ್ತು! ಹುಡುಕಿದಾಗ ಕಾರಣ ಸಿಕ್ಕಿತು: ಕ್ಯಾಲಿಬ್ರೇಟರ್‌ಗೆ (ಮೆಷಿನ್‌ಗೆ ಅಳತೆ ಹೊಂದಿಸುವ ದ್ರವ) ನೀರು ಹಾಕುವ ಪಿಪೆಟ್‌ನಿಂದ ನೀರು ಕಡಿಮೆ ಬೀಳುತ್ತಿತ್ತು, ದ್ರವ ಗಟ್ಟಿಯಾಗುತ್ತಿತ್ತು. ಆ ಬಾಟಲಿಯಿಂದ ಕ್ಯಾಲಿಬ್ರೇಟ್ ಮಾಡಿದ್ದೆಲ್ಲ ಸ್ವಲ್ಪ ಕೆಳಗೆ ಬಂದಿತ್ತು. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಆಡಿಟ್‌ಗೆ ಮೊದಲೇ ಸಿಕ್ಕಿತಲ್ಲ ಅಂತ ನನಗೆ ಸಮಾಧಾನ. ಮಾಲೀಕರು ತಾವೇ ಬಂದು ಅವಳಿಗೆ ಕೈಕುಲುಕಿದರು.

ನೋಟ್‌ಬುಕ್ ನೋಡಿ ನೋಡಿ ಸಣ್ಣ ಪ್ರಯೋಗಗಳ ಹುಚ್ಚೂ ಹತ್ತಿತು. ತೋಳಿಗೆ ಟೂರ್ನಿಕೆ (ರಕ್ತ ತೆಗೆಯುವಾಗ ಬಿಗಿಯುವ ಪಟ್ಟಿ) ಕಟ್ಟಿ ಮುಷ್ಟಿ ಬಿಗಿದು ಬಿಡುತ್ತಾ ನನ್ನ ರಕ್ತ ತೆಗೆಸಿದೆ. ಪೊಟ್ಯಾಸಿಯಂ 4.1 ಇದ್ದದ್ದು 4.7 ಆಯಿತು. ಅವತ್ತಿನಿಂದ ‘ಮುಷ್ಟಿ ಬಿಗಿ ಹಿಡಿದು ಬಿಡಿ’ ಅನ್ನುವುದು ನಮ್ಮಲ್ಲಿ ಬಂದ್. ಇನ್ನೊಂದು ದಿನ ಶುಗರ್‌ಗೆ ಪ್ಲೇನ್ ಟ್ಯೂಬ್, ಗ್ರೇ ಟ್ಯೂಬ್ (ಶುಗರ್ ಇಳಿಯದಂತೆ ಫ್ಲೋರೈಡ್ ಹಾಕಿದ್ದು) ಎರಡರಲ್ಲೂ ರಕ್ತ ತುಂಬಿಸಿ, ಬ್ಯಾಗಿನಲ್ಲಿಟ್ಟು ಲೋಕಲ್ ರೈಲಿನಲ್ಲಿ ಡೊಂಬಿವಲಿವರೆಗೆ ಹೋಗಿ ಬಂದೆ. ಸುಮಾರು ನಾಲ್ಕು ಗಂಟೆ. ಪ್ಲೇನ್ ಟ್ಯೂಬಿನಲ್ಲಿ ಶುಗರ್ 20ಕ್ಕಿಂತ ಹೆಚ್ಚು ಇಳಿದಿತ್ತು, ಗ್ರೇಯಲ್ಲಿ 5–6. ಫ್ಲೋರೈಡ್‌ಗೂ ಮೊದಲ ಒಂದೆರಡು ಗಂಟೆ ಪೂರ್ತಿ ಹಿಡಿತ ಸಿಗುವುದಿಲ್ಲ ಅನ್ನುವುದನ್ನು ಹುಡುಗರು ಕಣ್ಣಾರೆ ನೋಡಿದರು. ಭಾನುವಾರದ ಕ್ಲಾಸಿನಲ್ಲಿ ಆಗದ್ದು ಒಂದು ಲೋಕಲ್ ಟಿಕೆಟ್‌ನಲ್ಲಿ ಆಯಿತು.

ಮತ್ತೆ ಕರೆಸುವುದಕ್ಕೆ ತಲಾ 150–200 ರೂಪಾಯಿ ಹಿಡಿದರೂ ತಿಂಗಳಿಗೆ 10 ಸಾವಿರದಷ್ಟು ಉಳಿತಾಯ. ಅದರಲ್ಲಿ ಅರ್ಧವನ್ನು ಹುಡುಗರ ಪರೀಕ್ಷಾ ಫೀಸಿಗೆ ಅಂತ ಜಗಳ ಮಾಡಿ ತೆಗೆಸಿಕೊಂಡೆ. ಕಳೆದ ವರ್ಷ ಬಿಟ್ಟು ಹೋದವರು ಒಬ್ಬರೇ.

ಸರದಿ ಯಾರಿಂದ ಶುರು ಮಾಡಬೇಕು, ಮಾತೇ ಆಡದವರಿಗೆ ಮೊದಲು ಯಾವ ಪ್ರಶ್ನೆ ಹಾಕಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ರಾತ್ರಿ ಪಾಳಿಯಲ್ಲಿ ಇದು ಇನ್ನೂ ಕೂತಿಲ್ಲ. ಇರುವುದೇ ಇಬ್ಬರು, ಬರೆದರೆ ಯಾರದೆಂದು ಎಲ್ಲರಿಗೂ ತಿಳಿಯುತ್ತದೆ. ಈಗ ಬೆಳಿಗ್ಗೆ ಅವರು ಹೊರಡುವ ಮೊದಲು, ಚಹಾ ಹಿಡಿದುಕೊಂಡು ನಾನೇ ಅವರ ಹತ್ತಿರ ಹೋಗುತ್ತಿದ್ದೇನೆ. ಅವರು ಹೇಳುತ್ತಾರೆ, ನಾನು ನನ್ನ ಕೈಬರಹದಲ್ಲಿ ಬರೆಯುತ್ತೇನೆ. ಹೋದ ವಾರ ಮೂರು ಸಾಲು ಸಿಕ್ಕವು.