ಅರ್ಜಿ ಕರೆಯುವ ಮೊದಲೇ ಶಾಲೆಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ

ಸರ್ಕಾರಿ ಕೆಲಸಕ್ಕೆ ಓದುತ್ತಿರುವ ನಮ್ಮ ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ತಮ್ಮ-ತಂಗಿಯರಿಗೆ ಒಂದು ಮಾತು. ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ, ಅಂದರೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ, ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಓದೇ ಲೆಕ್ಕ. ಪಿಯುಸಿ, ಡಿಗ್ರಿ ದಾವಣಗೆರೆಯಲ್ಲಿ ಮಾಡಿದ್ದರೂ ಅಡ್ಡಿಯಿಲ್ಲ. ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ಅರ್ಜಿಯಲ್ಲಿ ಈ ಮೀಸಲಾತಿಯ ಕಾಲಂ ಖಾಲಿ ಬಿಡುತ್ತಾರೆ, ಸಂಕಟವಾಗುತ್ತದೆ.

ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿಯಷ್ಟೇ ಸಾಲದು, ಶಾಲೆ ಇರುವ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಪ್ರೈಮರಿ ಒಂದೂರು, ಹೈಸ್ಕೂಲು ಇನ್ನೊಂದೂರು ಆಗಿದ್ದರೆ ಎರಡೂ ಶಾಲೆಯಿಂದ ತನ್ನಿ. ಜನರಲ್ ಮೆರಿಟ್‌ನವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ, ಮೇಲ್ಸ್ತರಕ್ಕೆ (ಕೆನೆಪದರ, ಅಂದರೆ ಅನುಕೂಲಸ್ಥರ ವರ್ಗಕ್ಕೆ) ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕಾಗುತ್ತದೆ. ನಮೂನೆಯನ್ನು ಅಧಿಸೂಚನೆಯ ಕೊನೆಯಲ್ಲೇ ಕೊಟ್ಟಿರುತ್ತಾರೆ, ಹಳೆಯದೊಂದನ್ನು ನೋಡಿಕೊಂಡು ಈಗಲೇ ಓಡಾಡಿ. ಏಪ್ರಿಲ್-ಮೇ ರಜೆಯಲ್ಲಿ ಮುಖ್ಯಶಿಕ್ಷಕರು ಸಿಗುವುದು ಕಷ್ಟ. ಅರ್ಜಿಯ ಕೊನೆ ದಿನ ದಾಟಿದ ಮೇಲೆ ಪಡೆದ ಪತ್ರವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಖಾಸಗಿ ಕೆಲಸ ಹುಡುಕುವವರು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲೂ ನೋಂದಾಯಿಸಿ. ಪೋರ್ಟಲ್ ನೋಂದಣಿ ಉಚಿತ. "ಟ್ರೇನಿಂಗ್ ಫೀ ಕಟ್ಟಿ, ನಾಳೆಯೇ ಆರ್ಡರ್" ಅನ್ನುವ ಫೋನ್ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ.