ಮರಳಿಗೆ ಜೇಡಿ ಬೆರೆತರೆ ನೀರು ಎಷ್ಟು ಇಳಿಯುತ್ತದೆ? ಬಾಟಲಿಯಲ್ಲಿ ಅಳೆದು ನೋಡುವ ಬಗೆ

ಮರಳಿನ ಕಣ 0.05ರಿಂದ 2 ಮಿ.ಮೀ. ಗಾತ್ರದ್ದು, ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು. ಹಾಗಾಗಿ ಜೇಡಿ ಹೋಗಿ ಕೂರುವುದು ನೀರು ಇಳಿಯುವ ಸಂದುಗಳಲ್ಲೇ. ಕೊಳವೆಯಂಥ ಸಂದಿನ ಅಗಲ ಅರ್ಧವಾದರೆ ಅದರಲ್ಲಿ ಹರಿಯುವ ನೀರು ಹದಿನಾರನೇ ಒಂದು ಪಾಲಿಗೆ ಕುಸಿಯುತ್ತದೆ. ಸ್ವಲ್ಪವೇ ಜೇಡಿ ಇಷ್ಟೊಂದು ವ್ಯತ್ಯಾಸ ಮಾಡುವುದು ಇದರಿಂದಲೇ.

2 ಲೀಟರಿನ ನಾಲ್ಕು ಪಾರದರ್ಶಕ ಬಾಟಲಿಗಳ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಬಾಯಿಗೆ ಬಲೆ ಕಟ್ಟಿ, ಕತ್ತಿನವರೆಗೆ ಸಣ್ಣ ಜಲ್ಲಿ ತುಂಬಿ, ಅದರ ಮೇಲೆ ತೆಳುಬಟ್ಟೆ ಹಾಸಿ. ತೊಳೆದು ಒಣಗಿಸಿದ ಮರಳಿಗೆ ಪುಡಿಮಾಡಿ ಜರಡಿ ಹಿಡಿದ ಜೇಡಿ ಬೆರೆಸಿ ತಲಾ 1.5 ಕೆ.ಜಿ. ಮಿಶ್ರಣ ಮಾಡಿಕೊಳ್ಳಿ: ಒಂದರಲ್ಲಿ ಜೇಡಿ ಬೇಡ, ಉಳಿದವುಗಳಲ್ಲಿ 75, 150, 300 ಗ್ರಾಂ. ಅಂದರೆ ತೂಕದಲ್ಲಿ ಶೇ. 5, 10, 20. ಅಳತೆ ಲೋಟದಲ್ಲಲ್ಲ, ತಕ್ಕಡಿಯಲ್ಲೇ ಆಗಬೇಕು. ಜೇಡಿ ಹೆಂಟೆಯಾಗಿಯೇ ಉಳಿದರೆ ಸಂದು ತುಂಬುವುದಿಲ್ಲ, ಫಲಿತಾಂಶ ಪೂರಾ ದಾರಿ ತಪ್ಪುತ್ತದೆ.

10 ಸೆಂ.ಮೀ. ಎತ್ತರಕ್ಕೆ ಮಿಶ್ರಣ ತುಂಬಿ, ಎಲ್ಲ ಬಾಟಲಿಗಳನ್ನೂ ಒಂದೇ ಸಮ ತಟ್ಟಿ. ಮೇಲಿಂದ ನೀರು ಸುರಿಯಬೇಡಿ, ಗಾಳಿ ಒಳಗೇ ಸಿಕ್ಕಿಬಿದ್ದು ದಾರಿ ಕಟ್ಟುತ್ತದೆ. ಬಾಟಲಿಯನ್ನು ಬಕೆಟ್ಟಿನ ನೀರಿನಲ್ಲಿಟ್ಟು, ಮೇಲ್ಮೈ ಮಿನುಗುವವರೆಗೆ ಕೆಳಗಿನಿಂದಲೇ ನೆನೆಸಿ. ನಂತರ ಎತ್ತಿ ನಿಲ್ಲಿಸಿ, ಮಣ್ಣಿನ ಮೇಲೆ 5 ಸೆಂ.ಮೀ. ನೀರು ಸದಾ ನಿಂತಿರುವಂತೆ ಮೆಲ್ಲಗೆ ತುಂಬುತ್ತಿರಿ. ಹರಿವು ಒಂದೇ ಸಮನಾದ ಮೇಲೆ 10 ನಿಮಿಷದ ನೀರು ಹಿಡಿದು ಅಳೆಯಿರಿ.

ಬಾಟಲಿಯ ಅಡ್ಡಕೊಯ್ತ 90 ಚದರ ಸೆಂ.ಮೀ., ಸಿಕ್ಕಿದ ನೀರು 450 ಮಿ.ಲೀ. ಎಂದಿಟ್ಟುಕೊಳ್ಳಿ. ಗಂಟೆಗೆ 30 ಸೆಂ.ಮೀ. ಆಯಿತು. ಅದನ್ನು 10/15ರಿಂದ (ಮಣ್ಣಿನ ಎತ್ತರ 10, ಮಣ್ಣು ಮತ್ತು ನಿಂತ ನೀರು ಸೇರಿ 15 ಸೆಂ.ಮೀ.) ಗುಣಿಸಿದರೆ ಮಣ್ಣಿನ ನಿಜವಾದ ವಾಹಕತೆ, ಅಂದರೆ ನೀರನ್ನು ಹಾಯಿಸುವ ಶಕ್ತಿ, ಗಂಟೆಗೆ 20 ಸೆಂ.ಮೀ. ಜೇಡಿ ಹೆಚ್ಚಿದ ಬಾಟಲಿಗಳಲ್ಲಿ ಹತ್ತು ನಿಮಿಷ ಸಾಲದೆ ಹೋಗಬಹುದು, ಗಂಟೆಗಟ್ಟಲೆ ಕಾಯಬೇಕು.

ಜೇಡಿಯ ಜಾತಿಯೂ ಮುಖ್ಯ. ನೆನೆದಾಗ ಉಬ್ಬುವ ಬೆಂಟೋನೈಟ್ ಎಂಬ ಜೇಡಿ, ಅಷ್ಟೇ ತೂಕದ, ಹಾಗೆ ಉಬ್ಬದ ಕಯೊಲಿನ್ ಜೇಡಿಗಿಂತ ಬಲು ಹೆಚ್ಚು ತಡೆಯುತ್ತದೆ. ಕೆಳಗೆ ಬರುವ ನೀರು ಕದಡಿದ್ದರೆ ಜೇಡಿ ಚದುರಿ ಕೊಚ್ಚಿ ಬರುತ್ತಿದೆ ಎಂದರ್ಥ. ಹೊಸ ಮಿಶ್ರಣ ತುಂಬಿ, ಜಿಪ್ಸಮ್ ಕರಗಿಸಿದ ನೀರು ಬಳಸಿ. ಈಗ ತಿಳಿನೀರು ಬೇಗ ಇಳಿದರೆ ಆ ಜೇಡಿಯಲ್ಲಿ, ಕಣಗಳನ್ನು ಚದುರಿಸುವ ಸೋಡಿಯಂ ಹೆಚ್ಚಿರುವ ಸಾಧ್ಯತೆಯಿದೆ.

ಇನ್ನೊಂದು ಬಾಟಲಿಯಲ್ಲಿ ಅದೇ 150 ಗ್ರಾಂ ಜೇಡಿಯನ್ನು ಬೆರೆಸದೆ, ನಡುವೆ ಪದರವಾಗಿ ಹಾಸಿ ನೋಡಿ. ಒಂದೂವರೆ ಸೆಂ.ಮೀ. ಕೂಡ ಇರದ ಆ ಪದರವೇ ಇಡೀ ಬಾಟಲಿಯ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಹೊಲದ ಮಣ್ಣು ಪರೀಕ್ಷಿಸುವಾಗ ಗುಂಡಿಯ ಮಣ್ಣನ್ನೆಲ್ಲ ಒಟ್ಟಿಗೆ ಕಲಸಬೇಡಿ, ಬಣ್ಣ ಅಥವಾ ಅಂಟು ಬದಲಾದ ಕಡೆಯಲ್ಲೆಲ್ಲ ಬೇರೆ ಮಾದರಿ ತೆಗೆಯಿರಿ.